ಡಬ್ಬಿಹಾಲಿನ ಆಯ್ಕೆ: ದುಬಾರಿಯಾದದ್ದೇ ಮಗುವಿಗೆ ಉತ್ತಮವೇ?

ಅಲೆವೂರು: ಮಣಿಪಾಲದ ದೊಡ್ಡ ಆಸ್ಪತ್ರೆಗಳಿಂದ ಅಲೆವೂರಿಗೆ ಇರುವ ದೂರ ಕೆಲವೇ ಕಿಲೋಮೀಟರ್. ಮಕ್ಕಳ ತಜ್ಞರು ಇಷ್ಟು ಹತ್ತಿರವಿರುವ ಊರುಗಳಲ್ಲೂ ಹಸುಗೂಸಿನ ಹಾಲಿನ ಪುಡಿಯ ಆಯ್ಕೆ ಮಾತ್ರ ಹೆಚ್ಚಾಗಿ ನಡೆಯುವುದು ಔಷಧ ಅಂಗಡಿಯ ಕಪಾಟಿನ ಮುಂದೆ. ನೆಸ್ಲೆ ಕಂಪೆನಿಯ ಲ್ಯಾಕ್ಟೋಜೆನ್ ಮತ್ತು ನ್ಯಾನ್ ಪ್ರೋ, ಅಬಾಟ್‌ನ ಸಿಮಿಲ್ಯಾಕ್, ಡ್ಯಾನೋನ್‌ನ ಡೆಕ್ಸೋಲ್ಯಾಕ್ ಮತ್ತು ಆಪ್ಟಾಮಿಲ್, ಮೀಡ್ ಜಾನ್ಸನ್‌ನ ಎನ್ಫಾಮಿಲ್, ಗುಜರಾತಿನ ಸಹಕಾರಿ ಸಂಸ್ಥೆಯ ಅಮೂಲ್‌ಸ್ಪ್ರೇ ಹೀಗೆ ಸಾಲುಗಟ್ಟಿ ನಿಂತ ಪೊಟ್ಟಣಗಳ ಬೆಲೆಯಲ್ಲಿ ಒಂದಕ್ಕೆ ಎರಡರಷ್ಟು ಅಂತರವಿರುತ್ತದೆ. ಹಣ ಹೆಚ್ಚು ಕೊಟ್ಟರೆ ಮಗುವಿಗೆ ಹೆಚ್ಚಿನದೇನೋ ದೊರೆಯುತ್ತದೆ ಎಂಬ ನಂಬಿಕೆ ಸಹಜ. ಆ ನಂಬಿಕೆಯಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೇ ಹೇಳಬೇಕಾದ ಮಾತೊಂದಿದೆ. ಹುಟ್ಟಿದ ಮಗುವಿಗೆ ಆರು ತಿಂಗಳವರೆಗೆ ಎದೆಹಾಲನ್ನು ಮಾತ್ರ ನೀಡಬೇಕು, ಬಳಿಕ ಮೇಲಾಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಯಾವ ಪುಡಿಯೂ ಎದೆಹಾಲಿಗೆ ಸಮನಲ್ಲ. ಆದರೂ ಡಬ್ಬಿಹಾಲು ಅನಿವಾರ್ಯವಾಗುವ ಮನೆಗಳಿವೆ. ತಾಯಿ ಕ್ಯಾನ್ಸರ್‌ಗೆ ಕಿಮೋಥೆರಪಿ ಪಡೆಯುತ್ತಿರಬಹುದು, ಮಗುವನ್ನು ದತ್ತು ಪಡೆದಿರಬಹುದು, ಹೆರಿಗೆಯಲ್ಲಿ ತಾಯಿ ತೀರಿಕೊಂಡಿರಬಹುದು, ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದೇ ಇರಬಹುದು. ಇಂಥವರನ್ನು ತಪ್ಪಿತಸ್ಥರಂತೆ ಕಾಣುವುದು ಅನ್ಯಾಯ. ಅವರಿಗೆ ಬೇಕಿರುವುದು ಸರಿಯಾದ ಮಾಹಿತಿ.

ಆ ಮಾಹಿತಿಯೇ ದುರ್ಲಭವಾಗಿದೆ. ಸೋಪು, ಬಿಸ್ಕತ್ತುಗಳಂತೆ ಶಿಶು ಹಾಲಿನ ಪುಡಿಗೆ ನಮ್ಮ ದೇಶದಲ್ಲಿ ಜಾಹೀರಾತು ನೀಡುವಂತಿಲ್ಲ. 1992ರ ಶಿಶು ಹಾಲು ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆ 1993ರ ಆಗಸ್ಟ್ 1ರಂದು ಜಾರಿಗೆ ಬಂತು. 2003ರಲ್ಲಿ ಅದಕ್ಕೆ ತಿದ್ದುಪಡಿ ತಂದು ಎರಡು ವರ್ಷದವರೆಗಿನ ಮಕ್ಕಳ ಆಹಾರವನ್ನೂ ಸೇರಿಸಲಾಯಿತು. ಜಾಹೀರಾತು, ಉಚಿತ ಮಾದರಿ, ಉಡುಗೊರೆ, ಆಸ್ಪತ್ರೆಯಲ್ಲಿ ಭಿತ್ತಿಪತ್ರ, ವೈದ್ಯರ ಸಮ್ಮೇಳನಗಳಿಗೆ ಕಂಪೆನಿಯ ಪ್ರಾಯೋಜಕತ್ವ ಎಲ್ಲವೂ ನಿಷಿದ್ಧ. ಉಲ್ಲಂಘಿಸಿದರೆ 3 ವರ್ಷದವರೆಗೆ ಸೆರೆವಾಸ, 5,000 ರೂ.ವರೆಗೆ ದಂಡ ಅಥವಾ ಎರಡೂ ಸಾಧ್ಯ. ದಂಡದ ಮೊತ್ತ ಇಂದಿನ ಕಾಲಕ್ಕೆ ನಗೆ ತರಿಸುವಂಥದ್ದಾದರೂ ಕಾಯ್ದೆಯ ಆಶಯ ಗಟ್ಟಿಯಾದದ್ದೇ. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನವು ಎದೆಹಾಲಿನ ಬದಲಿಗಳ ಮಾರಾಟ ಕುರಿತ ಅಂತಾರಾಷ್ಟ್ರೀಯ ಸಂಹಿತೆಯನ್ನು 118 ಮತಗಳಿಂದ ಅಂಗೀಕರಿಸಿದಾಗ ವಿರುದ್ಧ ಮತ ಹಾಕಿದ್ದು ಅಮೆರಿಕ ಮಾತ್ರ. ಭಾರತ ಆ ಸಂಹಿತೆಗೆ ಕಾನೂನಿನ ಬಲ ನೀಡಿದ ದೇಶಗಳಲ್ಲೊಂದು.

ಜಾಹೀರಾತು ಇಲ್ಲದ ಕಡೆ ಆ ಜಾಗವನ್ನು ತುಂಬುವುದು ಕಿವಿಮಾತು. ನೆರೆಮನೆಯ ಮಗು ಯಾವ ಹಾಲಿನಿಂದ ದುಂಡಗಾಯಿತು, ದುಬೈಯಲ್ಲಿರುವ ಅತ್ತಿಗೆ ಯಾವ ಡಬ್ಬಿ ಕೊಡುತ್ತಾರೆ, ಅಂಗಡಿಯವರು ಯಾವುದನ್ನು ಮುಂದಿಟ್ಟರು ಎಂಬುದರ ಮೇಲೆ ನಿರ್ಧಾರ ನಿಲ್ಲುತ್ತದೆ. ಉಳಿದಂತೆ ಖರೀದಿದಾರರ ಕೈಯಲ್ಲಿರುವುದು ಪೊಟ್ಟಣದ ಲೇಬಲ್ ಒಂದೇ. ಅದನ್ನು ಓದಲು ಕಲಿತರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ.

ಪುಡಿಯೊಳಗೆ ಏನಿದೆ?

ಎಲ್ಲ ಸಾಮಾನ್ಯ ಫಾರ್ಮುಲಾಗಳ ಮೂಲ ದನದ ಹಾಲು. ಅಮೂಲ್‌ನಂಥ ಸಂಸ್ಥೆಯ ಇತಿಹಾಸದಲ್ಲಿ ಎಮ್ಮೆಯ ಹಾಲು. 100 ಮಿ.ಲೀ. ಎದೆಹಾಲಿನಲ್ಲಿ ಸುಮಾರು 1 ಗ್ರಾಂ ಪ್ರೋಟೀನ್ ಇದ್ದರೆ ದನದ ಹಾಲಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಲವಣಾಂಶವೂ ಹೀಗೆಯೇ ಅಧಿಕ. ಎಳೆಗೂಸಿನ ಮೂತ್ರಪಿಂಡಕ್ಕೆ ಅದು ಭಾರ. ಹೀಗಾಗಿ ಪ್ರೋಟೀನ್ ಮತ್ತು ಲವಣಗಳನ್ನು ತಗ್ಗಿಸಿ, ಹಾಲಿನ ಕೊಬ್ಬಿನ ಬದಲು ಅಥವಾ ಅದರೊಂದಿಗೆ ಸಸ್ಯಜನ್ಯ ಎಣ್ಣೆ ಸೇರಿಸಿ, ಲ್ಯಾಕ್ಟೋಸ್ ಹೆಚ್ಚಿಸಿ, ಕಬ್ಬಿಣಾಂಶ ಹಾಗೂ ವಿಟಮಿನ್‌ಗಳನ್ನು ಬೆರೆಸಿದಾಗ ಶಿಶು ಫಾರ್ಮುಲಾ ಸಿದ್ಧವಾಗುತ್ತದೆ.

ಈ ಕೆಲಸದಲ್ಲಿ ಕರ್ನಾಟಕದ ಪಾಲೂ ಇದೆ ಎಂಬುದು ಹಲವರಿಗೆ ಮರೆತುಹೋಗಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭಗೊಂಡ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಶಿಶು ಆಹಾರವೆಂದರೆ ವಿದೇಶದಿಂದ ಬರುವ ಡಬ್ಬಿ ಎಂದೇ ಆಗಿದ್ದ ಆ ದಶಕದಲ್ಲಿ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದರು. ಎಮ್ಮೆಯ ಹಾಲು ಅದಕ್ಕೆ ತಕ್ಕದ್ದಲ್ಲ ಎಂಬ ಪಾಶ್ಚಾತ್ಯ ತಜ್ಞರ ಅಭಿಪ್ರಾಯವನ್ನು ಸುಳ್ಳಾಗಿಸಿದ ಆ ತಂತ್ರಜ್ಞಾನವನ್ನು ಗುಜರಾತಿನ ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ಅಮೂಲ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಳ್ಳೆಯ ಶಿಶು ಆಹಾರ ಹೊರದೇಶದ್ದೇ ಆಗಬೇಕೆಂಬ ಭಾವನೆಗೆ ಅಂದೇ ಉತ್ತರ ದೊರೆತಿತ್ತು.

ಈಗ ಮುಖ್ಯ ಸಂಗತಿಗೆ ಬರೋಣ. ಹುಟ್ಟಿನಿಂದ ಆರು ತಿಂಗಳವರೆಗಿನ ಫಾರ್ಮುಲಾದಲ್ಲಿ ಏನಿರಬೇಕೆಂಬುದನ್ನು ಕಂಪೆನಿ ತನ್ನಿಷ್ಟದಂತೆ ತೀರ್ಮಾನಿಸುವಂತಿಲ್ಲ. ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ, ಕುಡಿಯಲು ಸಿದ್ಧವಾದ 100 ಮಿ.ಲೀ. ಹಾಲಿನಲ್ಲಿ 60ರಿಂದ 70 ಕಿಲೋ ಕ್ಯಾಲರಿ ಶಕ್ತಿ ಇರಬೇಕು. ಪ್ರತಿ 100 ಕಿಲೋ ಕ್ಯಾಲರಿಗೆ ದನದ ಹಾಲಿನ ಪ್ರೋಟೀನ್ 1.8ರಿಂದ 3 ಗ್ರಾಂ, ಕೊಬ್ಬು 4.4ರಿಂದ 6 ಗ್ರಾಂ ಇರಬೇಕು. ಕಬ್ಬಿಣ, ಕ್ಯಾಲ್ಸಿಯಂ, ಅಯೋಡಿನ್, ವಿಟಮಿನ್‌ಗಳಿಗೂ ಕನಿಷ್ಠ ಮಿತಿಯಿದೆ. ಭಾರತದಲ್ಲಿ ಈ ಹೊಣೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ್ದು (ಎಫ್‌ಎಸ್‌ಎಸ್‌ಎಐ). ಶಿಶು ಪೋಷಣೆಯ ಆಹಾರಗಳಿಗೆಂದೇ 2020ರಲ್ಲಿ ಅದು ಪ್ರತ್ಯೇಕ ನಿಯಮಾವಳಿ ಹೊರಡಿಸಿದೆ. ಕಪಾಟಿನ ಅಗ್ಗದ ಪೊಟ್ಟಣವೂ ದುಬಾರಿ ಪೊಟ್ಟಣವೂ ಹಾದುಬರಬೇಕಾದ ಬಾಗಿಲು ಇದೊಂದೇ. ಮಗುವಿನ ಬೆಳವಣಿಗೆಗೆ ಅತ್ಯಗತ್ಯವಾದದ್ದನ್ನು ದುಬಾರಿ ಡಬ್ಬಿಗೆ ಮಾತ್ರ ಮೀಸಲಿಡಲು ಕಾನೂನಿನಲ್ಲಿ ಅವಕಾಶವಿಲ್ಲ.

ಹಾಗಿದ್ದರೆ ಹೆಚ್ಚಿನ ಬೆಲೆ ಯಾವುದಕ್ಕೆ? ಅತ್ಯಗತ್ಯ ಪಟ್ಟಿಯ ಆಚೆಗಿನ ಸೇರ್ಪಡೆಗಳಿಗೆ, ಮತ್ತು ಅವುಗಳ ಹೆಸರಿಗೆ. ಮೊದಲನೆಯದು ಪ್ರೋಟೀನಿನ ಸ್ವರೂಪ. ದನದ ಹಾಲಿನ ಪ್ರೋಟೀನಿನಲ್ಲಿ ಸುಮಾರು 20 ಭಾಗ ಹಾಲೊಡಕಿನದು, 80 ಭಾಗ ಕೇಸಿನ್. ಎದೆಹಾಲಿನಲ್ಲಿ ಹಾಲೊಡಕಿನ ಪಾಲೇ ಹೆಚ್ಚು. ಆದ್ದರಿಂದ ಹಲವು ಡಬ್ಬಿಗಳಲ್ಲಿ ಈ ಪ್ರಮಾಣವನ್ನು 60:40ಕ್ಕೆ ತರುತ್ತಾರೆ. ಕೇಸಿನ್ ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುವುದರಿಂದ ಎಳೆಗೂಸಿಗೆ ಹಾಲೊಡಕು ಹೆಚ್ಚಿರುವ ಪುಡಿಯನ್ನು ಆರಿಸುವುದು ಸರಿಯೇ. ಹಣ ಹೆಚ್ಚು ಕೊಡಲು ಒಂದಿಷ್ಟು ಕಾರಣವಿರುವುದು ಇಲ್ಲಿ.

ಡಿಎಚ್‌ಎ ಮತ್ತು ಎಆರ್‌ಎ ಎಂಬ ಕೊಬ್ಬಿನಾಮ್ಲಗಳದ್ದು ಬೇರೆ ಕಥೆ. ಮೆದುಳು ಮತ್ತು ಕಣ್ಣಿನಲ್ಲಿ ಇವು ಇರುವುದು ನಿಜ, ಎದೆಹಾಲಿನಲ್ಲಿ ಇರುವುದೂ ನಿಜ. ಪುಡಿಗೆ ಸೇರಿಸಿದರೆ ಮಗು ಜಾಣನಾಗುತ್ತದೆಯೇ? ದಿನ ತುಂಬಿ ಜನಿಸಿದ ಶಿಶುಗಳ ಮೇಲಿನ ಪ್ರಯೋಗಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯಲ್ಲಿ ಹೆಚ್ಚಿನ ಪ್ರಯೋಗಗಳು ಲಾಭವನ್ನಾಗಲೀ ಹಾನಿಯನ್ನಾಗಲೀ ತೋರಿಸಿರಲಿಲ್ಲ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನ ಇನ್ನೂ ದೂರ ಹೋಯಿತು. ಶೈಶವದಲ್ಲಿ ಮಾರ್ಪಡಿಸಿದ ಫಾರ್ಮುಲಾ ಕುಡಿದಿದ್ದ ಇಂಗ್ಲೆಂಡಿನ ಮಕ್ಕಳನ್ನು 11 ಮತ್ತು 16ನೇ ವಯಸ್ಸಿನ ಶಾಲಾ ಪರೀಕ್ಷೆಗಳವರೆಗೆ ಹಿಂಬಾಲಿಸಿ ನೋಡಿದಾಗ, ಸಾಮಾನ್ಯ ಫಾರ್ಮುಲಾ ಕುಡಿದವರಿಗಿಂತ ಹೆಚ್ಚಿನ ಅಂಕ ಯಾರಿಗೂ ಬಂದಿರಲಿಲ್ಲ. ಐರೋಪ್ಯ ಒಕ್ಕೂಟವು 2020ರಿಂದ ಡಿಎಚ್‌ಎಯನ್ನು ಕಡ್ಡಾಯಗೊಳಿಸಿರುವುದರಿಂದ ಅದನ್ನು ನಿರರ್ಥಕ ಎನ್ನುವಂತಿಲ್ಲ. ಪವಾಡ ಎನ್ನುವಂತೆಯೂ ಇಲ್ಲ.

ಇತ್ತೀಚಿನ ದುಬಾರಿ ಡಬ್ಬಿಗಳ ಮೇಲೆ ಎದ್ದುಕಾಣುವ ಎಚ್‌ಎಂಒ ಎಂಬ ಮೂರಕ್ಷರ ಎದೆಹಾಲಿನ ವಿಶಿಷ್ಟ ಸಕ್ಕರೆ ಸರಣಿಗಳನ್ನು ಸೂಚಿಸುತ್ತದೆ. ತಾಯಿಯ ಹಾಲಿನಲ್ಲಿ ಇವುಗಳ ನೂರಕ್ಕೂ ಹೆಚ್ಚು ಬಗೆಗಳಿವೆ. ಡಬ್ಬಿಗೆ ಸೇರುವುದು ಅವುಗಳಲ್ಲಿ ಒಂದೋ ಕೆಲವೋ, ಅದೂ ಕಾರ್ಖಾನೆಯಲ್ಲಿ ಸೂಕ್ಷ್ಮಾಣುಗಳ ನೆರವಿನಿಂದ ತಯಾರಾದದ್ದು. ಪ್ರೋಬಯಾಟಿಕ್, ನ್ಯೂಕ್ಲಿಯೋಟೈಡ್ ಮೊದಲಾದ ಸೇರ್ಪಡೆಗಳ ಪರವಾದ ಪುರಾವೆಗಳೂ ಆರೋಗ್ಯವಂತ ಮಗುವಿನ ವಿಷಯದಲ್ಲಿ ದುರ್ಬಲ. ಭಾರತವೂ ಸೇರಿದಂತೆ 15 ದೇಶಗಳ 757 ಫಾರ್ಮುಲಾಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟಗೊಂಡಿತು. ಆರೋಗ್ಯ ಲಾಭದ ಮಾತಾಡಿದ್ದ ಉತ್ಪನ್ನಗಳ ಪೈಕಿ ಶೇ. 74ರಷ್ಟು ಅದಕ್ಕೆ ಯಾವುದೇ ವೈಜ್ಞಾನಿಕ ಆಧಾರವನ್ನು ಉಲ್ಲೇಖಿಸಿರಲಿಲ್ಲ.

ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2025ರ ಫೆಬ್ರವರಿಯಲ್ಲಿ ಹೊರತಂದ ವರದಿಯೂ ಇದನ್ನೇ ಹೇಳುತ್ತದೆ. ಅಲ್ಲಿ ಮಾರಾಟವಾಗುವ ಎಲ್ಲ ಫಾರ್ಮುಲಾಗಳೂ ಕಾನೂನಿನಂತೆ ಮಗುವಿನ ಪೋಷಣೆಯ ಅಗತ್ಯವನ್ನು ಪೂರೈಸುತ್ತವೆ. ಆದರೆ ಹೊಸ ತಂದೆತಾಯಂದಿರು ಬೆಲೆಯನ್ನೇ ಗುಣಮಟ್ಟದ ಅಳತೆಗೋಲೆಂದು ಭಾವಿಸಿ ದುಬಾರಿಯಾದದ್ದನ್ನು ಕೊಳ್ಳುತ್ತಾರೆ. ಅಗ್ಗದ ಡಬ್ಬಿಗೆ ಬದಲಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಸುಮಾರು 300 ಪೌಂಡ್ ಉಳಿಯುತ್ತದೆಂದು ಪ್ರಾಧಿಕಾರ ಲೆಕ್ಕ ಹಾಕಿತ್ತು.

ತಿಂಗಳ ಖರ್ಚಿನ ಲೆಕ್ಕ

ನಮ್ಮಲ್ಲೂ ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಲೇಸು. ಡಬ್ಬಿಹಾಲನ್ನೇ ನೆಚ್ಚಿದ ಮಗುವಿಗೆ ದಿನಕ್ಕೆ, ತೂಕದ ಪ್ರತಿ ಕೆ.ಜಿ.ಗೆ ಸುಮಾರು 150 ಮಿ.ಲೀ. ಹಾಲು ಬೇಕಾಗುತ್ತದೆ. 5 ಕೆ.ಜಿ. ತೂಗುವ ಮಗುವಿಗೆ 750 ಮಿ.ಲೀ. ಎಂದರೆ ಹೆಚ್ಚುಕಡಿಮೆ 100 ಗ್ರಾಂ ಪುಡಿ. 400 ಗ್ರಾಂ ಪೊಟ್ಟಣ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ತಿಂಗಳಿಗೆ ಏಳೆಂಟು ಪೊಟ್ಟಣ ಬೇಕು. ಪೊಟ್ಟಣಕ್ಕೆ 400 ರೂ. ಎಂದಿಟ್ಟುಕೊಂಡರೆ ತಿಂಗಳಿಗೆ 3,000 ರೂ., 900 ರೂ. ಎಂದಾದರೆ 6,750 ರೂ. ಆರು ತಿಂಗಳಲ್ಲಿ ಈ ಅಂತರ 22,500 ರೂ. ಮುಟ್ಟುತ್ತದೆ. ಅದೇ ಪುಡಿ ತಗಡಿನ ಡಬ್ಬಿಗಿಂತ ರಟ್ಟಿನ ಪೊಟ್ಟಣದಲ್ಲಿ ಸಾಮಾನ್ಯವಾಗಿ ಅಗ್ಗವೆಂಬುದನ್ನೂ ನೆನಪಿಡಬಹುದು.

ಇದು ಬರಿಯ ಉಳಿತಾಯದ ಪ್ರಶ್ನೆಯಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಕೈಗೆಟುಕದ ಡಬ್ಬಿಯನ್ನು ಆರಿಸಿದ ಮನೆಯಲ್ಲಿ ತಿಂಗಳ ಕೊನೆಗೆ ನಡೆಯುವುದು ಪುಡಿಯನ್ನು ಎಳೆಯುವ ಕೆಲಸ. 120 ಮಿ.ಲೀ. ನೀರಿಗೆ ನಾಲ್ಕು ಚಮಚ ಹಾಕಬೇಕಾದಲ್ಲಿ ಮೂರು ಹಾಕಿದರೆ ಹಾಲು ಬೆಳ್ಳಗೇ ಕಾಣುತ್ತದೆ, ಮಗುವಿನ ಹೊಟ್ಟೆಯೂ ತುಂಬುತ್ತದೆ. ಆದರೆ ಅದಕ್ಕೆ ದೊರೆಯುವ ಪೋಷಣೆ ಕಾಲು ಭಾಗ ಕಡಿಮೆ. ವಾರಗಟ್ಟಲೆ ಹೀಗಾದರೆ ತೂಕ ಏರುವುದಿಲ್ಲ, ರೋಗ ತಡೆಯುವ ಶಕ್ತಿ ಕುಂದುತ್ತದೆ. ನೀರು ತೀರಾ ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ಮಗು ದಪ್ಪಗಾಗಲೆಂದು ಚಮಚ ಹೆಚ್ಚಿಸುವುದೂ ತಪ್ಪೇ. ಅದರಿಂದ ಮಲಬದ್ಧತೆ, ನಿರ್ಜಲೀಕರಣ ಉಂಟಾಗುತ್ತದೆ. ಕೊನೆಯ ಪೊಟ್ಟಣದವರೆಗೂ ಪೂರ್ಣ ಅಳತೆಯಲ್ಲಿ ಕೊಡಲಾಗುವ ಸಾಧಾರಣ ಪುಡಿ, ನೀರು ಬೆರೆಸಿ ಎಳೆದ ದುಬಾರಿ ಪುಡಿಗಿಂತ ಎಷ್ಟೋ ಮೇಲು.

ಲೇಬಲ್ ಓದುವ ಬಗೆ

ಪೊಟ್ಟಣವನ್ನು ತಿರುಗಿಸಿ ಸಣ್ಣಕ್ಷರ ಓದಬೇಕು. ಮುಂಭಾಗದ ಬಣ್ಣದ ಅಕ್ಷರಗಳಿಗಿಂತ ಹಿಂಭಾಗದ ಘಟಕಗಳ ಪಟ್ಟಿ ಹೆಚ್ಚು ನಿಜ ಹೇಳುತ್ತದೆ. ಮೊದಲು ನೋಡಬೇಕಾದ್ದು ಹಂತದ ಸಂಖ್ಯೆ. 1 ಎಂದಿದ್ದರೆ ಹುಟ್ಟಿನಿಂದ ಆರು ತಿಂಗಳವರೆಗೆ, 2 ಎಂದಿದ್ದರೆ ಆರು ತಿಂಗಳ ನಂತರಕ್ಕೆ. ಅಂಗಡಿಯಲ್ಲಿ ಒಂದನೇ ಹಂತದ್ದು ಇಲ್ಲವೆಂದು ಎರಡನೆಯದನ್ನು ಮೂರು ತಿಂಗಳ ಕೂಸಿಗೆ ಕೊಡುವಂತಿಲ್ಲ. ಅನಂತರ ಸಕ್ಕರೆ. ಒಳ್ಳೆಯ ಶಿಶು ಫಾರ್ಮುಲಾದಲ್ಲಿ ಪಿಷ್ಟದ ಮುಖ್ಯ ಮೂಲ ಲ್ಯಾಕ್ಟೋಸ್ ಆಗಿರಬೇಕು. ಪಟ್ಟಿಯಲ್ಲಿ ಸಕ್ಕರೆ, ಸುಕ್ರೋಸ್ ಎಂದಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳಬಹುದು. ಅಗ್ಗದ ಪುಡಿಯನ್ನು ಕಣ್ಣುಮುಚ್ಚಿ ಕೊಳ್ಳಬಾರದೆನ್ನುವುದು ಈ ಕಾರಣಕ್ಕೆ: ಎರಡು ಅಗ್ಗದ ಪೊಟ್ಟಣಗಳ ನಡುವೆಯೂ ವ್ಯತ್ಯಾಸವಿರಬಹುದು.

ಹೆಸರಾಂತ ಕಂಪೆನಿಯಾದ ಮಾತ್ರಕ್ಕೆ ಎಲ್ಲೆಡೆ ಒಂದೇ ಗುಣಮಟ್ಟ ಎಂದುಕೊಳ್ಳುವಂತೆಯೂ ಇಲ್ಲ. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೊರಹಾಕಿದ ವರದಿಯ ಪ್ರಕಾರ, ನೆಸ್ಲೆಯ ಸೆರೆಲ್ಯಾಕ್ ಭಾರತದಲ್ಲಿ ಒಂದು ಬಾರಿಯ ಬಡಿಸುವಿಕೆಗೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆಯೊಂದಿಗೆ ಮಾರಾಟವಾಗುತ್ತಿತ್ತು. ಜರ್ಮನಿ, ಬ್ರಿಟನ್‌ಗಳಲ್ಲಿ ಸಕ್ಕರೆ ಇರಲಿಲ್ಲ. ವಿವಾದದ ಬಳಿಕ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪೆನಿ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನು ಪ್ರಕಟಿಸಿತು. ಸೆರೆಲ್ಯಾಕ್ ಫಾರ್ಮುಲಾ ಅಲ್ಲ, ಆರು ತಿಂಗಳ ನಂತರದ ಧಾನ್ಯದ ಆಹಾರ. ಆದರೂ ಪಟ್ಟಿ ಓದುವ ಅಭ್ಯಾಸ ಯಾಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎದೆಹಾಲೇ ಮಗುವಿಗೆ ಶ್ರೇಷ್ಠ ಎಂಬ ಪ್ರಕಟಣೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ, ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇವೆಲ್ಲವೂ ಇರಲೇಬೇಕು. ಮಗುವಿನದಾಗಲೀ ಮಹಿಳೆಯದಾಗಲೀ ಚಿತ್ರ ಇರುವಂತಿಲ್ಲ. ಚಿತ್ರವಿರುವ ಡಬ್ಬಿ ಭಾರತದ ಮಾರುಕಟ್ಟೆಗೆಂದು ತಯಾರಾದದ್ದಲ್ಲ ಎಂದು ತಿಳಿಯಬಹುದು.

ಗಲ್ಫ್‌ನಿಂದ ಬರುವ ಡಬ್ಬಿ

ಕರಾವಳಿಯ ಮಟ್ಟಿಗೆ ಇದು ಬಿಡುವಂಥ ವಿಷಯವಲ್ಲ. ಉಡುಪಿ, ಕಾಪು, ಕಾರ್ಕಳ ಭಾಗದ ಬಹಳಷ್ಟು ಕುಟುಂಬಗಳ ಸದಸ್ಯರು ಗಲ್ಫ್ ರಾಷ್ಟ್ರಗಳಲ್ಲಿದ್ದಾರೆ. ರಜೆಗೆ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಖರ್ಜೂರಗಳ ಜತೆಗೆ ಮಗುವಿನ ಹಾಲಿನ ಡಬ್ಬಿಗೂ ಜಾಗವಿರುತ್ತದೆ. ಪ್ರೀತಿಯಿಂದ ತಂದದ್ದು, ಗುಣಮಟ್ಟ ಕಳಪೆ ಎನ್ನಲು ಕಾರಣವೂ ಇಲ್ಲ. ತೊಂದರೆ ಇರುವುದು ಬೇರೆಡೆ. ಎರಡು ಡಬ್ಬಿ ಮುಗಿದ ಮೇಲೆ ಅದೇ ಹಾಲು ಇಲ್ಲಿ ಸಿಗುವುದಿಲ್ಲ. ಒಂದೇ ಹೆಸರಿನ ಡಬ್ಬಿಯಾದರೂ ದೇಶದಿಂದ ದೇಶಕ್ಕೆ ಘಟಕಗಳು ಬದಲಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಅಳತೆಯ ಚಮಚ ಬೇರೆ. ಬ್ರಿಟನ್ನಿನ ಡಬ್ಬಿಗಳಲ್ಲಿ ಒಂದು ಚಮಚಕ್ಕೆ 30 ಮಿ.ಲೀ. ನೀರು ಎಂದಿದ್ದರೆ ಅಮೆರಿಕದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಒಂದು ಚಮಚಕ್ಕೆ 60 ಮಿ.ಲೀ. ಹಳೆಯ ಡಬ್ಬಿಯ ಚಮಚವನ್ನು ಹೊಸ ಡಬ್ಬಿಗೆ ಬಳಸಿದರೆ ಹಾಲು ಎರಡು ಪಟ್ಟು ಗಟ್ಟಿಯೋ ಅರ್ಧದಷ್ಟು ನೀರೋ ಆಗುವ ಸಂಭವವಿದೆ. ಆಯಾ ಡಬ್ಬಿಗೆ ಅದರದೇ ಚಮಚ. ಡಬ್ಬಿ ಮುಗಿದೊಡನೆ ಚಮಚವನ್ನೂ ಎಸೆಯುವುದು ಕ್ಷೇಮ.

ದೊಡ್ಡ ಕಂಪೆನಿಯ ಡಬ್ಬಿಗೂ ತೊಂದರೆ ತಪ್ಪಿದ್ದಲ್ಲ. 2008ರಲ್ಲಿ ಚೀನಾದಲ್ಲಿ ಮೆಲಮೈನ್ ಬೆರೆಸಿದ ಹಾಲಿನ ಪುಡಿಯಿಂದ ಆರು ಶಿಶುಗಳು ಮೃತಪಟ್ಟು ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. 2022ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಅಬಾಟ್ ಕಾರ್ಖಾನೆಯಲ್ಲಿ ಕ್ರೋನೋಬ್ಯಾಕ್ಟರ್ ಸೂಕ್ಷ್ಮಾಣು ಪತ್ತೆಯಾಗಿ ಉತ್ಪಾದನೆ ನಿಂತಾಗ ಆ ದೇಶದಲ್ಲಿ ಶಿಶು ಹಾಲಿಗೆ ಹಾಹಾಕಾರವೆದ್ದಿತ್ತು. ಖಾಲಿಯಾಗುವವರೆಗೆ ಪೊಟ್ಟಣದ ಬ್ಯಾಚ್ ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ನೀರು, ಮಳೆಗಾಲ ಮತ್ತು ಒಳಲೆ

ಹಾಲಿನ ಪುಡಿ ಎಷ್ಟೇ ದುಬಾರಿಯಾಗಿರಲಿ, ಅದು ಸಂಪೂರ್ಣ ಸೂಕ್ಷ್ಮಾಣುಮುಕ್ತವಲ್ಲ. ಕುದಿಸಿದ ನೀರನ್ನು 30 ನಿಮಿಷಕ್ಕಿಂತ ಹೆಚ್ಚು ಆರಲು ಬಿಡದೆ, ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವಾಗಲೇ ಪುಡಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗದರ್ಶಿಯಲ್ಲಿ ಹೇಳಿದೆ. ಆ ಬಳಿಕ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ತೊಟ್ಟು ಹಾಕಿ ನೋಡಿ ಕುಡಿಸಬೇಕು. ಹಲವು ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರು ಸಾಕೆಂದಿರುತ್ತದೆ. ಎರಡು ತಿಂಗಳಿಗಿಂತ ಚಿಕ್ಕ ಮಗು ಅಥವಾ ದಿನ ತುಂಬದೆ ಹುಟ್ಟಿದ ಮಗುವಿಗೆ ಈ ವಿಷಯದಲ್ಲಿ ವೈದ್ಯರ ಸೂಚನೆ ಕೇಳಲೇಬೇಕು. ಅಂದಹಾಗೆ, ಪ್ರೋಬಯಾಟಿಕ್ ಸೇರಿಸಿದ ಪುಡಿಗೆ ಇಷ್ಟು ಬಿಸಿ ನೀರು ಬಿದ್ದರೆ ಹಣ ಕೊಟ್ಟು ಕೊಂಡ ಆ ಸೂಕ್ಷ್ಮಾಣುಗಳೂ ಸಾಯುತ್ತವೆ.

ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ಬರುತ್ತದೆ. ಸುತ್ತಲಿನ ಊರುಗಳ ಬಹಳಷ್ಟು ಮನೆಗಳಿಗೆ ಅಂಗಳದ ಬಾವಿಯೇ ಆಧಾರ. ಜೂನ್ ತಿಂಗಳ ಮಳೆಗೆ ಹೊರಗಿನ ನೀರು ಇಳಿದು ಬಾವಿಯ ನೀರು ಕದಡುವುದು ಕರಾವಳಿಯವರಿಗೆ ಗೊತ್ತಿದ್ದದ್ದೇ. ಬಾವಿ ನೀರಾಗಲಿ, ನಳ್ಳಿ ನೀರಾಗಲಿ, ಫಿಲ್ಟರ್ ನೀರಾಗಲಿ, ಅಂಗಡಿಯ ಬಾಟಲಿ ನೀರಾಗಲಿ ಕುದಿಸದೆ ಬಳಸುವಂತಿಲ್ಲ. ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಬಾಯಿ ಬಿಗಿಯಾದ ಒಣ ಡಬ್ಬಿಯಲ್ಲಿ ಹಾಕಿ, ಒಲೆಯ ಹಬೆ ತಾಗದಲ್ಲಿ ಇಡಬೇಕು, ಫ್ರಿಜ್‌ನೊಳಗೆ ಇಡಬಾರದು. ತೆರೆದ ಪೊಟ್ಟಣವನ್ನು ಲೇಬಲ್‌ನಲ್ಲಿ ಹೇಳಿದ ವಾರಗಳೊಳಗೆ ಮುಗಿಸಬೇಕು. ನೀರು ಮೊದಲು, ಪುಡಿ ಆಮೇಲೆ. ಚಮಚವನ್ನು ಒತ್ತಿ ತುಂಬದೆ, ಮೇಲ್ಮೈಯನ್ನು ಸಮ ಮಾಡಿ ಹಾಕಬೇಕು. ಬೆರೆಸಿದ ಹಾಲನ್ನು 2 ಗಂಟೆಯೊಳಗೆ ಕುಡಿಸಬೇಕು, ಮಗು ಕುಡಿದು ಉಳಿಸಿದ್ದನ್ನು ಚೆಲ್ಲಬೇಕು. ದುಬಾರಿ ಹಾಲನ್ನು ಚೆಲ್ಲಲು ಮನಸ್ಸು ಬಾರದಿರುವುದೂ ಅಪಾಯಕ್ಕೆ ದಾರಿ.

ಬಾಟಲಿಯ ವಿಷಯದಲ್ಲಿ ನಮ್ಮ ಅಜ್ಜಿಯರ ಒಳಲೆಯೇ ಗೆದ್ದಿದೆ. ನಿಪ್ಪಲಿನ ಸಂದಿನಲ್ಲಿ ಉಳಿಯುವ ಹಾಲು ಸೂಕ್ಷ್ಮಾಣುಗಳಿಗೆ ತವರು. ಒಳಲೆಯನ್ನೋ ಸಣ್ಣ ಲೋಟವನ್ನೋ ತೊಳೆದು ಕುದಿಸುವುದು ಸುಲಭ. ನವಜಾತ ಶಿಶುಗಳ ಘಟಕಗಳಲ್ಲೂ ಇಂದು ಒಳಲೆ, ಲೋಟಗಳಿಗೇ ಆದ್ಯತೆ.

ವಿಶೇಷ ಡಬ್ಬಿಗಳು

ಲ್ಯಾಕ್ಟೋಸ್ ರಹಿತ, ಸೋಯಾ, ಪ್ರೋಟೀನನ್ನು ಒಡೆದ ಅಥವಾ ಅಮೈನೋ ಆಮ್ಲ ಆಧಾರಿತ ಫಾರ್ಮುಲಾಗಳು ಎಲ್ಲಕ್ಕಿಂತ ದುಬಾರಿ. ಇವು ಮೇಲ್ದರ್ಜೆಯ ಹಾಲಲ್ಲ, ಔಷಧಕ್ಕೆ ಸಮಾನ. ದನದ ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಮಗುವಿಗೆ ಲ್ಯಾಕ್ಟೋಸ್ ರಹಿತ ಹಾಲು ಕೊಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಪ್ರೋಟೀನ್ ಅದರಲ್ಲೂ ಇದೆ. ಮಗು ಅಳುತ್ತದೆ, ಹಾಲು ಕಕ್ಕುತ್ತದೆ ಎಂದು ತಾವೇ ಡಬ್ಬಿ ಬದಲಿಸುತ್ತಾ ಹೋಗುವುದರಿಂದ ನಿಜವಾದ ಕಾರಣ ಮರೆಯಾಗುತ್ತದೆ. ಮಲದಲ್ಲಿ ರಕ್ತ, ಮೈಮೇಲೆ ದದ್ದು, ತೂಕ ಏರದಿರುವುದು ಕಂಡರೆ ಅಂಗಡಿಗೆ ಹೋಗುವ ಮುನ್ನ ಮಕ್ಕಳ ತಜ್ಞರಲ್ಲಿಗೆ ಹೋಗಬೇಕು. ಭಾಗಶಃ ಒಡೆದ ಪ್ರೋಟೀನಿನ ಡಬ್ಬಿಗಳು ಅಲರ್ಜಿ ತಡೆಯುತ್ತವೆಂಬ ಪ್ರಚಾರಕ್ಕೆ 2018ರ ಕಾಕ್ರೇನ್ ಸಮೀಕ್ಷೆಯಲ್ಲಿ ಪುರಾವೆ ಸಿಗಲಿಲ್ಲ.

ಹಾಲು ನಿಜಕ್ಕೂ ಸಾಲದೇ?

ಡಬ್ಬಿ ಮನೆಗೆ ಬರುವ ಅತಿ ಸಾಮಾನ್ಯ ಕಾರಣ ಬಾಣಂತಿಗೆ ಹಾಲು ಸಾಲದು ಎಂಬ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳು ಶೇ. 41.8 ಮಾತ್ರ. ಆರಂಭ ತಡವಾದಷ್ಟೂ ಹಾಲು ಇಳಿಯುವುದು ತಡ. ಮೂರನೇ ವಾರ, ಆರನೇ ವಾರದ ಸುಮಾರಿಗೆ ಮಗು ಪದೇ ಪದೇ ಹಾಲಿಗೆ ಹಾತೊರೆಯುವುದು ಬೆಳವಣಿಗೆಯ ಲಕ್ಷಣವೇ ಹೊರತು ಹಾಲು ಬತ್ತಿದ್ದರ ಸೂಚನೆಯಲ್ಲ. ಮೊದಲ ವಾರದ ಬಳಿಕ ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಮೂತ್ರ ಮಾಡುತ್ತಿದ್ದರೆ, ಎರಡು ವಾರದೊಳಗೆ ಹುಟ್ಟಿನ ತೂಕಕ್ಕೆ ಮರಳಿ ಮುಂದೆ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಅಂಗನವಾಡಿಯ ತಕ್ಕಡಿ ಈ ಸಂಶಯವನ್ನು ಖರ್ಚಿಲ್ಲದೆ ಬಗೆಹರಿಸುತ್ತದೆ. ಸಂಶಯಕ್ಕೆ ಒಂದು ಬಾಟಲಿ ಪುಡಿಹಾಲು ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದಂತೆ ಹಾಲು ನಿಜಕ್ಕೂ ಇಳಿಯುತ್ತದೆ.

ಮಣಿಪಾಲದ ಕಚೇರಿ, ಕಾಲೇಜುಗಳಲ್ಲಿ ದುಡಿಯುವ ತಾಯಂದಿರಿಗೆ 2017ರ ತಿದ್ದುಪಡಿಯಂತೆ ಮೊದಲೆರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ದೊರೆಯುತ್ತದೆ. ಆ ಬಳಿಕವೂ ಹಿಂಡಿ ತೆಗೆದ ಹಾಲನ್ನು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇಡಬಹುದು. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ತಕ್ಷಣ ಫ್ರಿಜ್‌ಗೆ ಸೇರಿಸುವುದೇ ಸರಿ. ದಿನ ತುಂಬದ ಶಿಶುಗಳಿಗೆ ತಾಯಿಯ ಹಾಲು ದೊರೆಯದಾಗ ದಾನಿಗಳ ಎದೆಹಾಲು ಇನ್ನೊಂದು ದಾರಿ. ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫೆರ್ನಾಂಡಿಸ್ ಅವರ ಪ್ರಯತ್ನದಿಂದ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥ ಬ್ಯಾಂಕ್ ತೆರೆಯಿತು. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯಲ್ಲೂ ಸೌಲಭ್ಯ ಬಂದಿದೆ.

ಆರು ತಿಂಗಳ ನಂತರ ಡಬ್ಬಿಯ ಮಹತ್ವ ತಾನಾಗಿಯೇ ಇಳಿಯುತ್ತದೆ. ರಾಗಿ ಮಣ್ಣಿ, ಮೆತ್ತಗಿನ ಅನ್ನ, ಬೇಳೆ, ತರಕಾರಿ, ಮೊಟ್ಟೆ, ಮುಳ್ಳು ತೆಗೆದ ಮೀನು ಒಂದೊಂದಾಗಿ ತಟ್ಟೆಗೆ ಬರಬೇಕಾದ ಕಾಲವದು. ಮೂರು, ನಾಲ್ಕು ಎಂಬ ಹಂತದ ಡಬ್ಬಿಗಳು ಕಪಾಟಿನಲ್ಲಿ ಕಾದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಒಂದು ವರ್ಷ ತುಂಬಿದ ಮಕ್ಕಳಿಗೆ ಇಂಥ ಫಾಲೋ-ಅಪ್ ಫಾರ್ಮುಲಾಗಳನ್ನು ಶಿಫಾರಸು ಮಾಡುವುದಿಲ್ಲ. ಎದೆಹಾಲು ಕುಡಿಯದ ಮಗುವಿಗೆ ಆ ವಯಸ್ಸಿನಲ್ಲಿ ಮನೆಮಂದಿ ಕಾಸಿ ಕುಡಿಯುವ ದನದ ಹಾಲನ್ನೇ ಕೊಡಬಹುದು.